ಡಾಕ್ಟರು ನಮ್ಮೂರಲ್ಲಿ ಯಾಕೆ ನಿಲ್ಲೋದಿಲ್ಲ?



ಕನಕಪುರ, ಮಾಗಡಿ ಕಡೆಯ ಸಂಘಗಳ ಸಾಲದ ಪುಸ್ತಕ ತೆರೆದಾಗ ‘ಆಸ್ಪತ್ರೆ ಖರ್ಚು’ ಎಂಬ ಮಾತನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ಹಸು ಕೊಳ್ಳಲೆಂದು ಕೂಡಿಟ್ಟ ಹಣ ಜ್ವರಕ್ಕೆ, ಹೆರಿಗೆಗೆ ಕರಗಿ ಹೋಗುತ್ತದೆ. “ಹತ್ತಿರದಲ್ಲೇ ಡಾಕ್ಟರು ಇದ್ದಿದ್ರೆ ಇಷ್ಟಾಗ್ತಿರಲಿಲ್ಲ” ಅನ್ನುತ್ತೀರಿ. ದೇಶದಲ್ಲೇ ಹೆಚ್ಚು ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಹಾಗಾದರೆ ಡಾಕ್ಟರು ಎಲ್ಲಿಗೆ ಹೋಗ್ತಾರೆ?

ಮಾರುಕಟ್ಟೆಯ ಸೆಳೆತ

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ದೂರದೂರದಿಂದ ಬರುವುದು ಅಲ್ಲಿ ಬೆಲೆ ಸಿಗುತ್ತದೆ ಅಂತ. ಡಾಕ್ಟರ ಕಥೆಯೂ ಹಾಗೇ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆಮೇಲೆ ಇಂಥ ಕಾಲೇಜುಗಳು ಹೆಚ್ಚಿದವು, ಡೊನೇಷನ್ನೂ ಬೆಳೆಯಿತು. ಅದನ್ನು ತಡೆಯಲು 1984ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿತು. ಆದರೂ ಓದಿನ ಖರ್ಚು ದೊಡ್ಡದೇ. ಸಾಲ ಮಾಡಿ ಓದಿದವರು ಸಂಪಾದನೆ ಇರುವ ಬೆಂಗಳೂರನ್ನೇ ನೋಡುತ್ತಾರೆ. ಮಾರುಕಟ್ಟೆ ಕೇಳುವುದು ಯಾರಿಗೆ ಕಾಯಿಲೆ ಅಂತಲ್ಲ, ಯಾರ ಕೈಯಲ್ಲಿ ದುಡ್ಡಿದೆ ಅಂತ.

ಸರ್ಕಾರದ ನೀತಿ

ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ನಿಯಮ. ಅಲ್ಲಿಗೆ ಡಾಕ್ಟರನ್ನು ಕಳಿಸಲು ರಾಜ್ಯವು ಕಡ್ಡಾಯ ಸೇವೆಯ ಕಾನೂನು ಮಾಡಿ, 2015ರಲ್ಲಿ ಜಾರಿಗೆ ತಂದಿತು: ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು. 2023ರಲ್ಲಿ ಇದನ್ನು ತಿದ್ದಿ, ಖಾಲಿ ಹುದ್ದೆಗಳಿಗೆ ಬೇಕಾದಷ್ಟು ಜನರನ್ನು ಮಾತ್ರ ನೇಮಿಸಿಕೊಳ್ಳುವಂತೆ ಮಾಡಲಾಯಿತು.

ಕಡ್ಡಾಯದಿಂದ ಡಾಕ್ಟರು ಬರಬಹುದು, ಆದರೆ ಒಂದು ವರ್ಷಕ್ಕೆ. ಊರಿನ ಗುರುತು ಆಗುವ ಹೊತ್ತಿಗೆ ಹೊರಟುಬಿಡುತ್ತಾರೆ. ನಿಲ್ಲಬೇಕಾದರೆ ಒಳ್ಳೆಯ ವಸತಿ, ನರ್ಸು, ಔಷಧಿ, ಸರಿಯಾದ ಸಂಬಳ, ಮಕ್ಕಳಿಗೆ ಶಾಲೆ ಬೇಕು. ಬೈದರೆ ಯಾರೂ ನಿಲ್ಲುವುದಿಲ್ಲ.

ನಾವು ಏನು ಮಾಡಬಹುದು?

1. ಆರೋಗ್ಯ ಕೇಂದ್ರದಲ್ಲಿ ಎಷ್ಟು ಹುದ್ದೆ ಇವೆ, ಎಷ್ಟು ಖಾಲಿ ಇವೆ ಎಂದು ಗ್ರಾಮಸಭೆಯಲ್ಲಿ ಕೇಳಿ.
2. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಬಿ.ಪಿ.ಎಲ್. ಕುಟುಂಬದವರಿಗೆ ಶುಲ್ಕವಿಲ್ಲ.
3. ಗ್ರಾಮ ಆರೋಗ್ಯ ಸಮಿತಿಯ ಸಭೆಗೆ ಆಶಾ ಕಾರ್ಯಕರ್ತೆಯ ಜೊತೆ ಹೋಗಿ.

ಸಂಘದಲ್ಲಿ ಚರ್ಚಿಸಿ

• ಕಳೆದ ವರ್ಷ ನಮ್ಮ ಸಂಘದ ಸಾಲದಲ್ಲಿ ಎಷ್ಟು ಆಸ್ಪತ್ರೆಗೆ ಹೋಯಿತು?
• ಅದರಲ್ಲಿ ಎಷ್ಟು ಕಾಯಿಲೆ ನಮ್ಮ ಆರೋಗ್ಯ ಕೇಂದ್ರದಲ್ಲೇ ವಾಸಿಯಾಗಬಹುದಿತ್ತು?

ಲೆಕ್ಕ ಬರೆದಿಡಿ. ಬಾಯಿಮಾತಿಗಿಂತ ಬರೆದ ಲೆಕ್ಕಕ್ಕೆ ಬೆಲೆ ಜಾಸ್ತಿ; ಸಾಲದ ಪುಸ್ತಕದಿಂದ ನಾವೆಲ್ಲ ಕಲಿತ ಪಾಠ ಅದೇ ಅಲ್ಲವೇ?