ಲೆಕ್ಕದ ಕಣಜಕ್ಕೆ ಸರಿಯಾದ ಜರಡಿ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ನೀವು ಡೇರಿಗೆ ಹಾಲು ಹಾಕಿದಾಗಲೆಲ್ಲ ಸದಸ್ಯ ಸಂಖ್ಯೆ, ತಾರೀಖು, ಲೀಟರು, ಜಿಡ್ಡು, ಎಸ್.ಎನ್.ಎಫ್. ಒಂದು ಸಾಲಾಗಿ ದಾಖಲಾಗುತ್ತವೆ. ಇಂತಹ ಲಕ್ಷಾಂತರ ಸಾಲುಗಳನ್ನು ವರ್ಷಗಟ್ಟಲೆ ಕೂಡಿಡುವ ಗಣಕಯಂತ್ರದ ವ್ಯವಸ್ಥೆಗೆ 'ಡೇಟಾ ವೇರ್‌ಹೌಸ್' ಎಂದು ಹೆಸರು. ಇದನ್ನು ಲೆಕ್ಕದ ಕಣಜ ಎನ್ನಬಹುದು. ಬೇಕಾದ ಸಾಲುಗಳನ್ನು ಮಾತ್ರ ಹೊರತೆಗೆಯಲು ಷರತ್ತು ಹಾಕಿ ಕೇಳಬೇಕು. ಷರತ್ತೇ ಜರಡಿ. ಜರಡಿ ತಪ್ಪಿದರೆ ಕಾಳು ಹೊಟ್ಟಿನ ಜೊತೆ ಹೋಗುತ್ತದೆ. ಅರ್ಹ ಸದಸ್ಯರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಉದಾಹರಣೆಗಾಗಿ ಐದು ಸಾಲು ತೆಗೆದುಕೊಳ್ಳೋಣ:

ಸದಸ್ಯ 12, ಮಾಲೂರು: ಜಿಡ್ಡು 3.8, ಎಸ್.ಎನ್.ಎಫ್. 8.5
ಸದಸ್ಯ 27, ಮುಳಬಾಗಿಲು: 3.2, 8.3
ಸದಸ್ಯ 31, ಶ್ರೀನಿವಾಸಪುರ: 3.6, 8.1
ಸದಸ್ಯ 40, ಕೋಲಾರ: 4.0, ಎಸ್.ಎನ್.ಎಫ್. ಖಾಲಿ
ಸದಸ್ಯ 45, ಮುಳಬಾಗಿಲು: 3.0, 8.4

'ಮತ್ತು', 'ಅಥವಾ'

ಆಹಾರ ಸುರಕ್ಷತಾ ನಿಯಮದಂತೆ ಹಸುವಿನ ಹಾಲಿನಲ್ಲಿ ಜಿಡ್ಡು ಕನಿಷ್ಠ ಶೇ. 3.2, ಎಸ್.ಎನ್.ಎಫ್. ಕನಿಷ್ಠ ಶೇ. 8.3 ಇರಬೇಕು. 'ಜಿಡ್ಡು 3.2 ಅಥವಾ ಹೆಚ್ಚು, ಮತ್ತು ಎಸ್.ಎನ್.ಎಫ್. 8.3 ಅಥವಾ ಹೆಚ್ಚು' ಎಂದು ಕೇಳಿದರೆ 12 ಮತ್ತು 27 ಬರುತ್ತವೆ. '3.2ಕ್ಕಿಂತ ಹೆಚ್ಚು, 8.3ಕ್ಕಿಂತ ಹೆಚ್ಚು' ಎಂದು ಬರೆದರೆ ಗಡಿಯ ಮೇಲಿರುವ 27 ಬಿದ್ದುಹೋಗುತ್ತದೆ. ಎರಡು ಷರತ್ತುಗಳ ನಡುವೆ 'ಮತ್ತು' ಬದಲು 'ಅಥವಾ' ಹಾಕಿದರೆ ಐದೂ ಸಾಲು ಬಂದುಬಿಡುತ್ತವೆ.

ಎರಡನ್ನೂ ಬೆರೆಸುವಾಗ ಆವರಣ ಚಿಹ್ನೆ ಹಾಕಲೇಬೇಕು. 'ಮಾಲೂರು ಅಥವಾ ಮುಳಬಾಗಿಲು, ಮತ್ತು ಎಸ್.ಎನ್.ಎಫ್. 8.4ಕ್ಕಿಂತ ಕಡಿಮೆ' ಎಂದಾಗ ಯಂತ್ರವು 'ಮತ್ತು' ಎಂಬುದನ್ನು ಮೊದಲು ಜೋಡಿಸುತ್ತದೆ. ಆಗ 8.5 ಇರುವ ಮಾಲೂರಿನ 12 ಕೂಡ ಕಡಿಮೆ ಗುಣಮಟ್ಟದ ಪಟ್ಟಿಗೆ ಸೇರುತ್ತದೆ. ಎರಡು ತಾಲ್ಲೂಕುಗಳನ್ನು ಆವರಣದೊಳಗೆ ಇಟ್ಟರೆ 27 ಮಾತ್ರ ಬರುತ್ತದೆ.

ಖಾಲಿ ಬೇರೆ, ಸೊನ್ನೆ ಬೇರೆ

ಎಸ್.ಎನ್.ಎಫ್. 8.3 ಅಥವಾ ಹೆಚ್ಚು ಇರುವವರು ಮೂವರು, ಕಡಿಮೆ ಇರುವವರು ಒಬ್ಬರು. ಒಟ್ಟು ನಾಲ್ವರು. ಐದನೆಯವರು ಎಲ್ಲಿ? 40ರ ಮನೆ ಖಾಲಿ ಇರುವುದರಿಂದ ಯಾವ ಜರಡಿಗೂ ಸಿಗದೆ ಮಾಯವಾಯಿತು. 'ಖಾಲಿ ಇರುವ ಸಾಲು ಯಾವುದು' ಎಂದು ಪ್ರತ್ಯೇಕವಾಗಿ ಕೇಳಿದರೆ ಮಾತ್ರ ಸಿಗುತ್ತದೆ. ಖಾಲಿ ಜಾಗಕ್ಕೆ ಸೊನ್ನೆ ತುಂಬುವುದೂ ಸರಿಯಲ್ಲ. ನಾಲ್ವರ ಸರಾಸರಿ 8.32ರ ಮೇಲಿದೆ, ಸೊನ್ನೆ ಸೇರಿದರೆ 6.66ಕ್ಕೆ ಇಳಿಯುತ್ತದೆ.

ಇದರಿಂದ ಹಣಕ್ಕೇ ಪೆಟ್ಟು. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನ ಈಗ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಖಾತೆ ಸಂಖ್ಯೆಯ ಮನೆ ಖಾಲಿ ಇದ್ದರೆ, ಹಾಲು ಹಾಕಿದ್ದರೂ ಹಣ ಬರುವ ದಾರಿ ಇಲ್ಲ.

ಹೆಸರು ಮತ್ತು ತಾರೀಖು

'ಮುಳಬಾಗಿಲು', 'ಮುಳಬಾಗಲು' ನಮಗೆ ಒಂದೇ ಊರು, ಯಂತ್ರಕ್ಕೆ ಎರಡು. ಆದ್ದರಿಂದ ಹೆಸರಿನ ಬದಲು ಸಂಖ್ಯೆಯಿಂದ ಹುಡುಕುವುದು ಲೇಸು. ತಾರೀಖಿನ ಜೊತೆ ಗಂಟೆಯೂ ದಾಖಲಾಗಿದ್ದರೆ '1ರಿಂದ 15ರವರೆಗೆ' ಎಂಬ ಷರತ್ತು 15ನೇ ತಾರೀಖು ಆರಂಭವಾಗುವ ನಡುರಾತ್ರಿಗೇ ನಿಂತು, ಆ ದಿನದ ಎರಡು ಹೊತ್ತಿನ ಹಾಲನ್ನೂ ಬಿಡುತ್ತದೆ. '1ರಿಂದ, 16ಕ್ಕಿಂತ ಮೊದಲು' ಎನ್ನುವುದೇ ಸರಿ.

ಸದಸ್ಯರು ಮಾಡಬೇಕಾದದ್ದು

1. ಪ್ರತಿ ಹೊತ್ತಿನ ಚೀಟಿಯನ್ನು ಬಟವಾಡೆಯಾಗುವವರೆಗೆ ಜೋಪಾನವಾಗಿಡಿ.
2. ಚೀಟಿಯ ಒಟ್ಟು ಲೀಟರನ್ನು ಬಿಲ್ಲಿನೊಡನೆ ತಾಳೆ ನೋಡಿ. ಕೊನೆಯ ದಿನವನ್ನು ಮರೆಯಬೇಡಿ.
3. ನಿಮ್ಮ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ ದಾಖಲಾಗಿವೆಯೇ ಎಂದು ಕಾರ್ಯದರ್ಶಿಗಳಲ್ಲಿ ವಿಚಾರಿಸಿ.
4. 'ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ' ಎಂದರೆ ಯಾವ ಷರತ್ತಿನಿಂದ ಬಿಟ್ಟಿತು, ಯಾವ ಮನೆ ಖಾಲಿ ಇದೆ ಎಂದು ಕೇಳಿ.

ಪಟ್ಟಿ ತಯಾರಿಸುವವರಿಗೂ ಒಂದು ಮಾತು: ಬಂದವರು, ಬಾರದವರು, ಖಾಲಿ ಇರುವವರು, ಈ ಮೂರನ್ನೂ ಕೂಡಿದರೆ ಒಟ್ಟು ಸದಸ್ಯರ ಸಂಖ್ಯೆ ಬರಲೇಬೇಕು. ಬಾರದಿದ್ದರೆ ಬಟವಾಡೆಗೆ ಮೊದಲೇ ಜರಡಿಯನ್ನು ಸರಿಪಡಿಸಿ.