ಟಾಪ್ ಇಲ್ಲದ ಕಾರಿಗೆ ರೇಟ್ ಯಾಕೆ ಜಾಸ್ತಿ?

ಈ ಸಲದ ಪಾಠ ಶುರುವಾಗಿದ್ದು ಕ್ಲಾಸಿನಲ್ಲಲ್ಲ, ಕ್ಯಾಂಟೀನಿನಲ್ಲಿ. ನಮ್ಮ ಗುಂಪಿನ ಗೆಳೆಯನೊಬ್ಬನಿಗೆ ಅವನ ಸೋದರಮಾವ ತಮ್ಮ ಹಳೇ ಹ್ಯಾಚ್‌ಬ್ಯಾಕ್ ಕಾರನ್ನು ಕೊಟ್ಟಿದ್ದರು. ಎಂಜಿನ್ ಚೆನ್ನಾಗಿತ್ತು, ಬಣ್ಣ ಮಾತ್ರ ಹೋಗಿತ್ತು. ಅವನ ತಲೆಯಲ್ಲಿ ಒಂದು ಪ್ಲಾನ್ ಕೂತಿತ್ತು. "ಎಕ್ಸಾಮ್ ಮುಗೀಲಿ ಕಣ್ರೋ, ಟಾಪ್ ಕೊಯ್ಸಿ ಓಪನ್ ಕಾರ್ ಮಾಡಿಸ್ತೀನಿ. ಆರು ಕಡೆ ಗ್ರೈಂಡರ್ ಹಿಡಿದ್ರೆ ಆಯ್ತು, ಅರ್ಧ ದಿನದ ಕೆಲಸ. ಆಮೇಲೆ ಸೀದಾ ಚಿಕ್ಕಮಗಳೂರು ಘಾಟಿ!"

ವೆಲ್ಡಿಂಗ್ ಅಂಗಡಿಯವರೂ ಒಪ್ಪಿದ್ದರಂತೆ. ನಾವೂ ಚಪ್ಪಾಳೆ ತಟ್ಟಿದೆವು. ಘಾಟಿಗೆ ಅದೇ ಕಾರಿನಲ್ಲಿ ಹೋಗಬೇಕಾದವರು ನಾವೇ ಅನ್ನೋದು ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ನಮ್ಮಲ್ಲೊಬ್ಬಳು ಫೋನಿನಲ್ಲಿ ಏನೋ ನೋಡುತ್ತಾ ಕೇಳಿದಳು: "ಒಂದೇ ಕಾರನ್ನ ಕಂಪನಿಯವರು ಟಾಪ್ ಇಟ್ಟೂ ಮಾರ್ತಾರೆ, ಟಾಪ್ ಇಲ್ದೇನೂ ಮಾರ್ತಾರೆ. ಟಾಪ್ ಇಲ್ಲದ್ದಕ್ಕೇ ರೇಟ್ ಜಾಸ್ತಿ. ಹೋಗ್ಲಿ, ಅದು ಶೋಕಿ ಅನ್ನೋಣ. ಆದ್ರೆ ತೂಕಾನೂ ಜಾಸ್ತಿ ಇದೆಯಲ್ಲ, ಅದು ಹೇಗೆ?"

ತಗಡು ಕಡಿಮೆಯಾದರೆ ತೂಕ ಇಳಿಯಬೇಕು ತಾನೆ? ಮೆಕ್ಯಾನಿಕಲ್, ಸಿವಿಲ್ ಎರಡೂ ಬ್ರಾಂಚಿನವರು ಕೂತಿದ್ದೆವು. ಒಬ್ಬರಿಗೂ ತಕ್ಷಣ ಉತ್ತರ ಬರಲಿಲ್ಲ. ಆ ಉತ್ತರ ಹುಡುಕಿದ ಕಥೆಯೇ ಈ ಲೇಖನ.

ಶೂ ಡಬ್ಬದ ಪ್ರಯೋಗ

ನೀವೂ ಮಾಡಿ ನೋಡಿ. ಒಂದು ಖಾಲಿ ಶೂ ಡಬ್ಬ ತಗೊಳ್ಳಿ, ಮುಚ್ಚಳ ತೆಗೆದಿಡಿ. ಎರಡು ತುದಿಯನ್ನೂ ಎರಡು ಕೈಯಲ್ಲಿ ಹಿಡಿದು, ಬಟ್ಟೆ ಹಿಂಡುವ ಹಾಗೆ ತಿರುಚಿ. ಡಬ್ಬ ಸಲೀಸಾಗಿ ತಿರುಚಿಕೊಳ್ಳುತ್ತದೆ. ಈಗ ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿ, ಮತ್ತೆ ತಿರುಚಿ. ಡಬ್ಬ ಜಪ್ಪಯ್ಯ ಅಂದರೂ ಮಣಿಯುವುದಿಲ್ಲ. ರಟ್ಟು ಅದೇ, ಕೈಯೂ ಅದೇ. ಮುಚ್ಚಳ ಒಂದು ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ.

ಇನ್ನೊಂದು ಪ್ರಯೋಗ ಪಿವಿಸಿ ಪೈಪಿನದು. ಒಂದು ತುಂಡನ್ನು ಹಾಗೇ ಬಿಡಿ, ಇನ್ನೊಂದನ್ನು ಹ್ಯಾಕ್‌ಸಾದಿಂದ ಉದ್ದಕ್ಕೆ ಒಂದೇ ಒಂದು ಗೀರಿನಂತೆ ಸೀಳಿ. ಎರಡನ್ನೂ ತಿರುಚಿ ನೋಡಿ. ಸೀಳಿದ ಪೈಪಿನ ಅಂಚುಗಳು ಒಂದರ ಪಕ್ಕ ಒಂದು ಜಾರಿಕೊಂಡು ಹೋಗುತ್ತವೆ.

ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಓದುವಾಗ ನಾವೆಲ್ಲ ಬಾಯಿಪಾಠ ಮಾಡಿದ ಟಾರ್ಷನ್ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ತೆಳು ಗೋಡೆಯ ದುಂಡು ಪೈಪು ಸೀಳಿದಾಗ ಎಷ್ಟು ಪಟ್ಟು ಮೆತ್ತಗಾಗುತ್ತದೆ ಎಂದು ತಿಳಿಯಲು, ತ್ರಿಜ್ಯವನ್ನು ಗೋಡೆಯ ದಪ್ಪದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, 3ರಿಂದ ಗುಣಿಸಿದರೆ ಸಾಕು. ತ್ರಿಜ್ಯ 25 ಮಿಮೀ, ದಪ್ಪ 2 ಮಿಮೀ ಅಂದುಕೊಳ್ಳಿ. 12.5ರ ವರ್ಗ ಸುಮಾರು 156. ಮೂರರಿಂದ ಗುಣಿಸಿದರೆ ಸುಮಾರು 470. ಪ್ಲಾಸ್ಟಿಕ್ ಒಂದು ಚೂರೂ ಕಡಿಮೆಯಾಗಿಲ್ಲ, ಆದರೂ ಪೈಪು 470 ಪಟ್ಟು ಮೆತ್ತಗಾಯಿತು!

ಕಾರಣ ಇಷ್ಟೇ. ಮುಚ್ಚಿದ ಪೈಪಿನಲ್ಲಿ ತಿರುಚುವ ಬಲ ಗೋಡೆಯೊಳಗೆ ಸುತ್ತು ಹಾಕಿಕೊಂಡು ಹರಿಯುತ್ತದೆ. ಸೀಳಿದಲ್ಲಿ ದಾರಿ ಕಡಿಯಿತು. ಆಮೇಲೆ ಆ ಬಲವನ್ನು ಗೋಡೆಯ ದಪ್ಪವೊಂದೇ ತಡೆಯಬೇಕು.

ಹಾಗಂತ ಟಾಪ್ ಕೊಯ್ದ ಕಾರು 470 ಪಟ್ಟು ಮೆತ್ತಗಾಗುತ್ತದೆ ಎಂದು ಯಾರಿಗೂ ಹೇಳಬೇಡಿ. ಕಾರು ಒಂದು ಪೈಪಲ್ಲ. ಅದರ ಕೆಳಭಾಗದಲ್ಲಿ ಇನ್ನೂ ಕೆಲವು ಮುಚ್ಚಿದ ಪೈಪುಗಳು ಉಳಿದಿರುತ್ತವೆ. ಕಂಪನಿಯವರ ಆಟವೆಲ್ಲ ಅವುಗಳ ಮೇಲೆಯೇ. ಅದಕ್ಕೆ ಆಮೇಲೆ ಬರೋಣ.

ಟಾಪ್ ಅಂದರೆ ಕೊಡೆ ಅಲ್ಲ

ನಾವು ತಪ್ಪಿದ್ದು ಇಲ್ಲೇ. ಟಾಪ್ ಇರುವುದು ಮಳೆ, ಬಿಸಿಲಿಗೆ ಅಂದುಕೊಂಡಿದ್ದೆವು. ಇವತ್ತಿನ ಹೆಚ್ಚಿನ ಕಾರುಗಳು ಮಾನೋಕಾಕ್. ಅಂದರೆ ಬೇರೆ ಚಾಸಿ ಇಲ್ಲ, ನೆಲ, ಕಂಬ, ಟಾಪ್ ಎಲ್ಲ ಒಟ್ಟಿಗೆ ವೆಲ್ಡ್ ಆಗಿ ಡಬ್ಬವೇ ಭಾರ ಹೊರುತ್ತದೆ. ಅಲ್ಲಿ ಟಾಪ್‌ಗೆ ಮೂರು ಕೆಲಸ.

ಮೊದಲನೆಯದು, ಈಗಷ್ಟೇ ನೋಡಿದ ತಿರುಚುವಿಕೆಯನ್ನು ತಡೆಯುವುದು. ಘಾಟಿಯ ತಿರುವಿನಲ್ಲಿ ಒಂದು ಚಕ್ರ ಗುಂಡಿಗೆ ಇಳಿದಾಗ ಕಾರಿನ ಮುಂಭಾಗ ಒಂದು ಕಡೆಗೆ, ಹಿಂಭಾಗ ಇನ್ನೊಂದು ಕಡೆಗೆ ತಿರುಚಿಕೊಳ್ಳಲು ನೋಡುತ್ತದೆ. ಡಬ್ಬ ಗಟ್ಟಿಯಿದ್ದರೆ ಸಸ್ಪೆನ್ಷನ್ ತನ್ನ ಕೆಲಸ ಮಾಡುತ್ತದೆ. ಮೆತ್ತಗಿದ್ದರೆ ಬಾಡಿಯೇ ಸ್ಪ್ರಿಂಗ್ ಆಗುತ್ತದೆ, ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಓಪನ್ ಕಾರುಗಳಲ್ಲಿ ಗುಂಡಿ ಹಾರಿದಾಗ ಮುಂದಿನ ಗಾಜು, ಡ್ಯಾಶ್‌ಬೋರ್ಡ್ ಗಡಗಡ ನಡುಗುತ್ತವೆ. ಇದಕ್ಕೆ ಕೌಲ್ ಶೇಕ್ ಅಂತ ಹೆಸರೇ ಇದೆ.

ಎರಡನೆಯದು, ಬಾಗುವಿಕೆಯನ್ನು ತಡೆಯುವುದು. ಮುಂದಿನ ಚಕ್ರ, ಹಿಂದಿನ ಚಕ್ರ ಎರಡು ಕಲ್ಲು. ನಡುವೆ ಕೂತ ನಾವು ಭಾರ. ನಿಮ್ಮ ಸ್ಕೇಲನ್ನು ಮಲಗಿಸಿ ಒತ್ತಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗುವುದಿಲ್ಲ. ಎತ್ತರವೇ ಶಕ್ತಿ. ಟಾಪ್ ಇದ್ದಾಗ ಕಾರಿನ ಪಕ್ಕದ ಚೌಕಟ್ಟು ಒಂದು ಮೀಟರಿಗೂ ಹೆಚ್ಚು ಎತ್ತರದ ತೊಲೆ. ಕೊಯ್ದ ಮೇಲೆ ಬಾಗಿಲ ಜಾಗದಲ್ಲಿ ಉಳಿಯುವುದು ಕಾಲಿಟ್ಟು ಹತ್ತುವ ಕೆಳಗಿನ ಪಟ್ಟಿ ಮಾತ್ರ. ಅದನ್ನು ಕಾರಿನ ಹೊಸಿಲು ಅನ್ನೋಣ. ಕೊಯ್ದ ಕಾರಿನಲ್ಲಿ ಐದು ಜನ ಕೂತರೆ ಹೊಸಿಲು ನಡುವೆ ಜಗ್ಗುತ್ತದೆ, ಬಾಗಿಲ ಸಂದು ಕಿರಿದಾಗುತ್ತದೆ, ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ.

ಮೂರನೆಯದು, ಕಾರು ಪಲ್ಟಿ ಹೊಡೆದಾಗ ತಲೆಗೂ ನೆಲಕ್ಕೂ ನಡುವೆ ಜಾಗ ಉಳಿಸುವುದು. ಇದನ್ನು ವಿವರಿಸಬೇಕಾಗಿಲ್ಲ. ಘಾಟಿ ಅಂದಮೇಲೆ ಅರ್ಥವಾಗುತ್ತದೆ.

ಕಿತ್ತುಕೊಂಡದ್ದನ್ನು ವಾಪಸ್ ಕೊಡುವ ಲೆಕ್ಕ

ಈಗ ನಮ್ಮ ಪ್ರಶ್ನೆಗೆ ಉತ್ತರ. ಟಾಪ್ ತೆಗೆದ ಕಂಪನಿ ಈ ಮೂರೂ ಕೆಲಸಕ್ಕೆ ಬೇರೆ ಆಳು ಹುಡುಕಬೇಕು. ಹೊಸಿಲಿನ ಒಳಗೆ ಇನ್ನೊಂದು ಪದರ ಉಕ್ಕು ಹಾಕುತ್ತಾರೆ. ಸೀಟಿನ ಕೆಳಗೆ ಅಡ್ಡ ತೊಲೆ ಕೂರಿಸುತ್ತಾರೆ. ನಡುವಿನ ಟನೆಲ್ ಅನ್ನು ಗಟ್ಟಿ ಮಾಡುತ್ತಾರೆ. ನೆಲದಡಿ ಕತ್ತರಿಯಾಕಾರದ ಪಟ್ಟಿ ಬಿಗಿಯುತ್ತಾರೆ. ಮುಂದಿನ ಗಾಜಿನ ಕಂಬದೊಳಗೆ ಬಲವಾದ ಉಕ್ಕಿನ ಕೊಳವೆ ಇಡುತ್ತಾರೆ. ಇದರ ಮೇಲೆ ಮಡಚುವ ಟಾಪ್, ಅದರ ಚೌಕಟ್ಟು, ಕೆಲವದರಲ್ಲಿ ಮೋಟರು, ಹೈಡ್ರಾಲಿಕ್ ಪಂಪು. ಹಾಗಾಗಿ ತೂಕ ಏರುತ್ತದೆ. ಇಷ್ಟೆಲ್ಲ ಡಿಸೈನ್ ಮಾಡಿದ ಖರ್ಚು ಕೆಲವೇ ಸಾವಿರ ಕಾರುಗಳ ಮೇಲೆ ಹಂಚಿಹೋಗುವುದರಿಂದ ರೇಟೂ ಏರುತ್ತದೆ.

ಇದನ್ನು ಬೇರೆ ಬೇರೆಯವರು ಬೇರೆ ಬೇರೆ ರೀತಿ ಬಿಡಿಸಿದ್ದಾರೆ. 1962ರಲ್ಲಿ ಬಂದ ಬ್ರಿಟನ್ನಿನ ಲೋಟಸ್ ಎಲಾನ್ ಕಾರಿನ ನಡುವೆ ಉಕ್ಕಿನ ಒಂದು ಬೆನ್ನೆಲುಬು ಇತ್ತು. ಮೈ ಫೈಬರ್‌ಗ್ಲಾಸ್. ಭಾರವೆಲ್ಲ ಬೆನ್ನೆಲುಬಿಗೆ, ಆದ್ದರಿಂದ ಟಾಪ್ ಬೇಕೇ ಇರಲಿಲ್ಲ.

1979ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕ್ಯಾಬ್ರಿಯೊಲೆ ಇದಕ್ಕೆ ಉಲ್ಟಾ. ಅದು ಮೂಲದಲ್ಲಿ ನಮ್ಮ ಗೆಳೆಯನ ಕಾರಿನಂಥದೇ ಹ್ಯಾಚ್‌ಬ್ಯಾಕ್. ಟಾಪ್ ತೆಗೆದಾಗ ನಡುವೆ ಒಂದು ದಪ್ಪ ಅಡ್ಡ ಕಮಾನನ್ನು ಖಾಯಂ ಆಗಿ ಬಿಟ್ಟರು. ನೋಡೋಕೆ ಹಿಡಿಕೆಯಿರುವ ಬುಟ್ಟಿಯ ಹಾಗೆ ಕಂಡದ್ದಕ್ಕೆ ಜರ್ಮನಿಯ ಜನ ಅದನ್ನು ಸ್ಟ್ರಾಬೆರಿ ಬುಟ್ಟಿ ಅಂತ ಕರೆದರು.

1989ರ ಫೆಬ್ರವರಿಯಲ್ಲಿ ಶಿಕಾಗೊ ಮೋಟರ್ ಶೋನಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5 ಮೊದಲ ಗೆರೆಯಿಂದಲೇ ಓಪನ್ ಕಾರಾಗಿ ಡಿಸೈನ್ ಆದದ್ದು. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಒಂದು ಅಲ್ಯುಮಿನಿಯಂ ತೊಲೆ ಹಾಕಿ ಎರಡನ್ನೂ ಬಿಗಿದರು. ಎರಡೇ ಸೀಟು, ಚಿಕ್ಕ ಬಾಗಿಲು. ತೂಕ ಒಂದು ಟನ್ನಿಗಿಂತ ಕಡಿಮೆ! 2016ರ ಹೊತ್ತಿಗೆ ಇಂಥ ಹತ್ತು ಲಕ್ಷ ಕಾರು ತಯಾರಾಗಿದ್ದವು. ಕೊಯ್ದ ಕಾರಿಗೂ ಓಪನ್ ಆಗಿಯೇ ಹುಟ್ಟಿದ ಕಾರಿಗೂ ಇರುವ ವ್ಯತ್ಯಾಸ ಇದು.

"ಹಾಗಾದ್ರೆ ನಮ್ಮ ಥಾರ್ ಹೇಗೆ?" ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ಮಹೀಂದ್ರಾ ಥಾರ್, ಹಳೇ ಜೀಪುಗಳು ಮಾನೋಕಾಕ್ ಅಲ್ಲ. ಕೆಳಗೆ ಏಣಿಯಂಥ ಪ್ರತ್ಯೇಕ ಚಾಸಿ ಇದ್ದು ಭಾರ ಹೊರುವುದು ಅದೇ. ಅದಕ್ಕೇ ಬಟ್ಟೆಯ ಟಾಪ್ ಸಾಧ್ಯ. 2020ರ ಥಾರ್‌ನಲ್ಲಿ ಪಲ್ಟಿಯಾದರೆ ಕಾಯಲು ಕಂಪನಿಯೇ ರೋಲ್ ಕೇಜ್ ಕೂಡ ಕೊಟ್ಟಿದೆ.

ಪಲ್ಟಿಯ ಭಯ ಎಷ್ಟಿತ್ತೆಂದರೆ, 1970ರ ದಶಕದಲ್ಲಿ ಅಮೆರಿಕದಲ್ಲಿ ಅದರ ಬಗ್ಗೆ ಕಠಿಣ ನಿಯಮ ಬರುತ್ತದೆಂಬ ಸುದ್ದಿಗೆ ಕಂಪನಿಗಳು ಓಪನ್ ಕಾರನ್ನೇ ಕೈಬಿಟ್ಟವು. 1976ರ ಕ್ಯಾಡಿಲಾಕ್ ಎಲ್ಡೊರಾಡೊವನ್ನು ಕಟ್ಟಕಡೆಯ ಅಮೆರಿಕನ್ ಕನ್ವರ್ಟಿಬಲ್ ಅಂತಲೇ ಮಾರಿದರು. ಮುಂದೆ ಬೆಲೆ ಬರುತ್ತದೆಂದು ಎಷ್ಟೋ ಜನ ಕೊಂಡಿಟ್ಟರು. 1980ರ ದಶಕದಲ್ಲಿ ಅದೇ ಕಂಪನಿ ಮತ್ತೆ ಕನ್ವರ್ಟಿಬಲ್ ತಂದಾಗ ಕೊಂಡವರು ಕೋರ್ಟಿಗೆ ಹೋದರು. ಅತ್ತ 1989ರ ಮರ್ಸಿಡಿಸ್ ಎಸ್‌ಎಲ್‌ನಲ್ಲಿ ಎಂಜಿನಿಯರುಗಳು ಸೀಟಿನ ಹಿಂದೆ ಒಂದು ಕಮಾನು ಅಡಗಿಸಿಟ್ಟರು. ಕಾರು ಪಲ್ಟಿಯಾಗುವ ಸೂಚನೆ ಸಿಕ್ಕರೆ ಅದು ಸುಮಾರು 0.3 ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತದೆ.

ಕೊಂಡವರ ಮಾತು

ಪುಸ್ತಕದ ಮಾತಾಯಿತು, ಇಟ್ಟುಕೊಂಡವರನ್ನೂ ಕೇಳೋಣ ಅಂತ ಇಂಗ್ಲೆಂಡಿನಲ್ಲಿರುವ ನಮ್ಮ ಕಾಲೇಜಿನ ಸೀನಿಯರ್ ಅಕ್ಕನಿಗೆ ಫೋನ್ ಮಾಡಿದೆವು. ಅವರು ಹೊಸ ಎಂಎಕ್ಸ್-5 ಕೊಂಡಿದ್ದಾರೆ, ಬಟ್ಟೆ ಟಾಪಿನದು. "ಆ ಮಳೆ ದೇಶದಲ್ಲಿ ಯಾಕಕ್ಕಾ?" ಅಂದರೆ ನಕ್ಕರು. "ಇಲ್ಲಿ ಬಿಸಿಲು ಬಂದ್ರೆ ಅದೇ ಹಬ್ಬ ಕಣ್ರಪ್ಪಾ. ಮಡಚೋಕೆ ಒಂದು ಕೊಂಡಿ ಬಿಚ್ಚಿ ಒಂದೇ ಕೈಲಿ ಹಿಂದಕ್ಕೆ ತಳ್ಳಿದ್ರೆ ಸಾಕು."

ಅವರು ಹೇಳಿದ್ದನ್ನು ಪಟ್ಟಿ ಮಾಡಿದ್ದೇವೆ. ಮುಂದೆ ನಿಮಗೂ ಬೇಕಾಗಬಹುದು.

ಟೆಸ್ಟ್ ಡ್ರೈವನ್ನು ಒಳ್ಳೇ ರಸ್ತೆಯಲ್ಲಿ ಮಾಡಬೇಡಿ. ಗುಂಡಿಯಿರುವ ರಸ್ತೆಯಲ್ಲಿ ಟಾಪ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಓಡಿಸಿ; ಒಳಗಿನ ಕನ್ನಡಿ ನಡುಗುತ್ತದಾ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಒಂದು ಚಕ್ರವನ್ನು ದಿಣ್ಣೆಯ ಮೇಲೆ ನಿಲ್ಲಿಸಿ, ಎರಡೂ ಬಾಗಿಲು ಸಲೀಸಾಗಿ ತೆಗೆದು ಹಾಕಲು ಬರುತ್ತದಾ ಪರೀಕ್ಷಿಸಿ. ಹೊಸಿಲು ತುಕ್ಕು ಹಿಡಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಟಾಪಿನ ಅಂಚಿನಿಂದ ಇಳಿದ ಮಳೆನೀರು ಹೊರಹೋಗಲು ಸೀಟಿನ ಹಿಂದೆ ಸಣ್ಣ ನಾಳಗಳಿರುತ್ತವೆ. ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ, ಕಾರ್ಪೆಟ್ ನೆನೆಯುತ್ತದೆ, ಕೊನೆಗೆ ಹೊಸಿಲು ಒಳಗಿಂದ ತುಕ್ಕು ತಿನ್ನುತ್ತದೆ. "ಭಾರ ಹೊರೋದೇ ಹೊಸಿಲು ಅಂದ್ರಲ್ಲ, ಅದು ಕೊಳೆತ್ರೆ ಏನುಳಿಯುತ್ತೆ?" ಎಂದರು ಅಕ್ಕ. ಮರದ ಕೆಳಗೆ ನಿಲ್ಲಿಸುವವರು ಈ ನಾಳಗಳನ್ನು ಆಗಾಗ ನೋಡುತ್ತಿರಬೇಕು.

ಒದ್ದೆ ಟಾಪನ್ನು ಮಡಚಿಡಬೇಡಿ, ಬೂಸ್ಟು ಹಿಡಿಯುತ್ತದೆ. ಜೋರಾಗಿ ನೀರು ಚಿಮ್ಮುವ ಪ್ರೆಷರ್ ವಾಶ್ ಬಟ್ಟೆಗೂ ರಬ್ಬರಿಗೂ ಒಳ್ಳೆಯದಲ್ಲ. ಮೆತ್ತನೆ ಬ್ರಶ್ಶಿನಿಂದ ಕೈಯಲ್ಲೇ ತೊಳೆಯಿರಿ. ಡಿಕ್ಕಿ ಬರೀ 130 ಲೀಟರ್, ಊರಿಂದ ಅಮ್ಮ ಕೊಟ್ಟ ಡಬ್ಬಗಳನ್ನೆಲ್ಲ ಹಿಡಿಸುವ ಆಸೆ ಬಿಡಿ.

ಒಂದು ವಿಷಯ ನಮಗೆ ಬಹಳ ಹಿಡಿಸಿತು. ಹೈವೇಯಲ್ಲಿ ವೇಗ ಏರಿದಾಗ ಬಟ್ಟೆ ಟಾಪ್ ಒಳಕ್ಕೆ ಕುಸಿಯುವುದಿಲ್ಲ, ಮೇಲಕ್ಕೆ ಉಬ್ಬುತ್ತದೆ. ಮೇಲೆ ಗಾಳಿ ವೇಗವಾಗಿ ಹರಿದು ಒತ್ತಡ ತಗ್ಗುತ್ತದೆ, ಒಳಗಿನ ಒತ್ತಡ ಬಟ್ಟೆಯನ್ನು ಮೇಲಕ್ಕೆ ತಳ್ಳುತ್ತದೆ. ಬರ್ನೂಲಿ ಸಾಹೇಬರನ್ನು ಲ್ಯಾಬಿನ ಹೊರಗೂ ನೋಡಬಹುದು.

ಆಮೇಲೆ ಏನಾಯ್ತು?

ಗೆಳೆಯನ ಮುಂದೆ ನಾವು ಭಾಷಣ ಮಾಡಲಿಲ್ಲ. ಶೂ ಡಬ್ಬವನ್ನು ಅವನ ಕೈಗೇ ಕೊಟ್ಟೆವು. ಮುಚ್ಚಳ ತೆಗೆದು ತಿರುಚಿದ, ಹಾಕಿ ತಿರುಚಿದ. ಸುಮ್ಮನೆ ಕೂತ. ಆಮೇಲೆ ಕೇಳಿದ: "ಕೆಳಗೆ ನಾಲ್ಕು ಪೈಪ್ ವೆಲ್ಡ್ ಮಾಡಿಸಿದ್ರೆ?"

ಯಾವ ಪೈಪು, ಎಲ್ಲಿ, ಎಷ್ಟು ದಪ್ಪ, ಹಳೇ ತುಕ್ಕು ತಗಡಿನ ಮೇಲೆ ಆ ಬೆಸುಗೆ ನಿಲ್ಲುತ್ತದಾ? ಕಂಪನಿಯವರು ವರ್ಷಗಟ್ಟಲೆ ಲೆಕ್ಕ ಹಾಕಿ, ಕಾರುಗಳನ್ನು ಗುದ್ದಿಸಿ ನೋಡಿ ಕಂಡುಕೊಳ್ಳುವ ಉತ್ತರ ಅದು. ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಜೊತೆಗೆ ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಆದರೆ ನಿಜ ಹೇಳಬೇಕೆಂದರೆ ಅವನ ಮನಸ್ಸು ಬದಲಾಗಿದ್ದು ಕಾನೂನಿನಿಂದಲ್ಲ, ಡಬ್ಬದಿಂದ.

ಟಾಪ್ ಕೊಯ್ಯಲು ಎತ್ತಿಟ್ಟ ದುಡ್ಡಿಗೆ ಸ್ವಲ್ಪ ಸೇರಿಸಿ ಅವನು ನಾಲ್ಕು ಹೊಸ ಟೈರು ಹಾಕಿಸಿದ. ಎಕ್ಸಾಮ್ ಮುಗಿದ ಮೇಲೆ ಘಾಟಿಗೆ ಅದೇ ಕಾರಿನಲ್ಲಿ ಹೋಗಿಬಂದೆವು. ನಾಲ್ಕೂ ಗಾಜು ಇಳಿಸಿದ್ದೆವು. ಗಾಳಿ ಬೇಕಾದಷ್ಟು ಬಂತು.

ಈ ಸಲದ ಹೋಮ್‌ವರ್ಕ್: ಶೂ ಡಬ್ಬದ ಮುಚ್ಚಳ ತೆಗೆದೇ ಇಡಿ. ಒಂದಿಷ್ಟು ರಟ್ಟು, ಟೇಪು ಮಾತ್ರ ಬಳಸಿ, ಮುಚ್ಚಳ ಹಾಕಿದಾಗಿನಷ್ಟೇ ಗಟ್ಟಿ ಮಾಡಿ. ಎಷ್ಟು ರಟ್ಟು ಬೇಕಾಯಿತು ಅಂತ ತೂಗಿ ನೋಡಿ, ಮುಚ್ಚಳದ ತೂಕದೊಂದಿಗೆ ಹೋಲಿಸಿ. ಕನ್ವರ್ಟಿಬಲ್ ಕಾರಿಗೆ ರೇಟ್ ಯಾಕೆ ಜಾಸ್ತಿ ಅಂತ ಆಮೇಲೆ ನಿಮ್ಮನ್ನು ಯಾರೂ ಕೇಳಬೇಕಾಗಿಲ್ಲ, ನೀವೇ ಹೇಳುತ್ತೀರಿ.