ಮಂಜು ಕವಿದ ಗಾಗಲ್ಸ್‌ನ ಹಿಂದೆ

ಬಿಸಿ ಕಾಫಿಯ ಲೋಟ ತುಟಿಗೆ ತಂದಾಗ ಕನ್ನಡಕ ಮಸುಕಾಗುವುದನ್ನು ನೋಡಿದ್ದೀರಲ್ಲ? ಸೆರಗಿನಿಂದ ಒರೆಸಿಕೊಂಡರೆ ಆಯಿತು. 2020ರಲ್ಲಿ ಕೊರೊನಾ ವಾರ್ಡಿಗೆ ಹೋದ ನರ್ಸ್‌ಗೆ ಆ ಒರೆಸುವ ಅವಕಾಶವೇ ಇರಲಿಲ್ಲ. ಗಾಗಲ್ಸ್ ಕಟ್ಟಿಕೊಂಡು ಒಳಗೆ ಕಾಲಿಟ್ಟ ಮೇಲೆ ಹೊರಬರುವ ತನಕ ಅದನ್ನು ಮುಟ್ಟುವಂತಿಲ್ಲ. ನರ್ಸಿಂಗ್‌ಗೆ ಹೊಸಬರಾದ ನೀವು ಇಲ್ಲಿಂದಲೇ ಶುರುಮಾಡಿ.

ಕಣ್ಣಿಗೆ ರಕ್ಷಣೆಯ ಅಗತ್ಯವಾದರೂ ಏನು? ಕಣ್ಣೀರು ಸಣ್ಣ ನಾಳವೊಂದರ ಮೂಲಕ ಮೂಗಿಗೆ ಇಳಿಯುತ್ತದೆ. ರೋಗಿ ಕೆಮ್ಮಿದಾಗ ಕಣ್ಣಿಗೆ ಬಿದ್ದ ಹನಿಗೂ ಅದೇ ದಾರಿ. ವುಹಾನ್‌ಗೆ ಹೋಗಿಬಂದು ಸೋಂಕಿತರಾದ ಬೀಜಿಂಗ್‌ನ ವೈದ್ಯ ವಾಂಗ್ ಗುವಾಂಗ್‌ಫಾ ಎನ್95 ಮಾಸ್ಕ್ ಧರಿಸಿದ್ದರು, ಕಣ್ಣಿಗೆ ಏನೂ ಹಾಕಿರಲಿಲ್ಲ. ಅವರಿಗೆ ಮೊದಲು ಕೆಂಪಾದದ್ದು ಎಡಗಣ್ಣು. ಹಾಗಾಗಿ ಗಾಗಲ್ಸ್ ಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನು ತರಗತಿಯಲ್ಲಿ ಬೆಳೆಸುವುದಿಲ್ಲ. ಬೇಕು. ಆದರೆ ಅದನ್ನು ಹಾಕಿಕೊಂಡವರಿಗೆ ಏನಾಗುತ್ತದೆ ಎಂಬುದನ್ನೂ ಅಷ್ಟೇ ಗಂಭೀರವಾಗಿ ಕಲಿಯಬೇಕು.

ಮಾಸ್ಕ್‌ನ ಮೇಲಂಚು ಮೂಗಿಗೆ ಸರಿಯಾಗಿ ಅಂಟದಿದ್ದರೆ ಉಸಿರು ಅಲ್ಲಿಂದ ನುಸುಳಿ ತಣ್ಣಗಿನ ಗಾಜಿಗೆ ತಗಲುತ್ತದೆ. ಉಸಿರಿನಲ್ಲಿರುವ ತೇವ ಲೆಕ್ಕವಿಲ್ಲದಷ್ಟು ಹನಿಗಳಾಗಿ ಕೂರುತ್ತದೆ, ಒಂದೊಂದು ಹನಿಯೂ ಬೆಳಕನ್ನು ಚೆದುರಿಸುತ್ತದೆ. ಪಿಪಿಇ ಎಂಬ ರಕ್ಷಣಾ ಉಡುಪಿನೊಳಗಿನ ಬೆವರೂ ಇದಕ್ಕೆ ಸೇರುತ್ತದೆ. ಈಗ ವಯಸ್ಸಾದ ರೋಗಿಯೊಬ್ಬರಿಗೆ ಕ್ಯಾನುಲಾ ಹಾಕಬೇಕು ಎಂದುಕೊಳ್ಳಿ. ಕೈಗೆ ಎರಡು ಜೊತೆ ಗ್ಲೌಸ್, ಬೆರಳಿಗೆ ರಕ್ತನಾಳದ ಉಬ್ಬು ಸರಿಯಾಗಿ ಸಿಗುವುದಿಲ್ಲ. ಕಣ್ಣಿಗೆ ಅದರ ನೀಲಿ ಗೆರೆಯೂ ಕಾಣುವುದಿಲ್ಲ. ಹನಿಯೊಂದು ಜಾರಿ ಇಳಿದರೆ ಗಾಜಿನಲ್ಲಿ ದಾರದಷ್ಟು ಅಗಲದ ಕಿಟಕಿ ತೆರೆಯುತ್ತದೆ. ತಲೆ ಓರೆಮಾಡಿ ಆ ಕಿಟಕಿಯಲ್ಲಿ ನೋಡುತ್ತಾ ಸೂಜಿ ಚುಚ್ಚಬೇಕು. ಇನ್ಸುಲಿನ್ ಸಿರಿಂಜಿನ ಗೆರೆ ಎಣಿಸುವುದೂ ಹೀಗೆಯೇ. ಇಲ್ಲಿ ತಪ್ಪಾದರೆ ಅದನ್ನು ನರ್ಸ್‌ನ ಅಜಾಗರೂಕತೆ ಎಂದು ಬರೆದು ಕೈತೊಳೆದುಕೊಳ್ಳುವುದು ಅನ್ಯಾಯ. ಕಾಣದಿದ್ದಾಗ ಡೋಸ್ ಅನ್ನು ಗಟ್ಟಿಯಾಗಿ ಓದಿ, ಪಕ್ಕದವರಿಂದಲೂ ಓದಿಸಿ. ನಾಚಿಕೆ ಬೇಡ.

ಇನ್ನು ಮೈಗೆ ಆಗುವ ನೋವು. ಬಿಗಿದ ಪಟ್ಟಿ ಹಣೆ ಮತ್ತು ಕಪಾಲದ ನರಗಳನ್ನು ಒತ್ತುತ್ತದೆ. ಸಿಂಗಪುರದಲ್ಲಿ 2020ರಲ್ಲಿ 158 ಆರೋಗ್ಯ ಕಾರ್ಯಕರ್ತರನ್ನು ವಿಚಾರಿಸಿದಾಗ ಶೇ 81ರಷ್ಟು ಜನ ಮಾಸ್ಕ್, ಗಾಗಲ್ಸ್‌ನಿಂದ ಹೊಸದಾಗಿ ತಲೆನೋವು ಬಂದಿದೆ ಎಂದರು; ಅವರಲ್ಲಿ ಹೆಚ್ಚಿನವರು ನರ್ಸ್‌ಗಳೇ. ಮೂಗಿನ ದಿಂಡಿನಲ್ಲಿ ಮೂಳೆಯ ಮೇಲೆ ಚರ್ಮ ತೆಳು, ಒತ್ತಡಕ್ಕೆ ಅಲ್ಲಿ ಬೇಗ ರಕ್ತ ಸಂಚಾರ ಕುಂದುತ್ತದೆ. ಮೊದಲು ಕೆಂಪು, ಆಮೇಲೆ ಗುಳ್ಳೆ, ಕೊನೆಗೆ ಹುಣ್ಣು. ಮಲಗಿದ ರೋಗಿಯ ಬೆನ್ನಿಗೆ ಆಗುವ ಹುಣ್ಣಿನ ಜಾತಿಯದೇ ಇದು.

ಪರಿಹಾರ ಅಂಗಡಿಯಲ್ಲೇ ಸಿಗಬೇಕೆಂದಿಲ್ಲ. ಮಾಸ್ಕ್‌ನ ಮೂಗಿನ ತಂತಿಯನ್ನು ಎರಡೂ ಕೈಗಳ ಬೆರಳುಗಳಿಂದ ಒತ್ತಿ ಕೂರಿಸಿ, ಗಾಗಲ್ಸ್ ಆಮೇಲೆ. ಗಾಜನ್ನು ಸೋಪು ನೀರಿನಲ್ಲಿ ತೊಳೆದು ಆರಲು ಬಿಟ್ಟರೆ ಹನಿ ಹನಿಯಾಗಿ ಕೂರುವ ನೀರು ತೆಳು ಪದರವಾಗಿ ಹರಡುತ್ತದೆ, ಸ್ವಲ್ಪ ಹೊತ್ತಾದರೂ ಕಾಣುತ್ತದೆ. ಮೂಗಿಗೆ ತೆಳು ಡ್ರೆಸ್ಸಿಂಗ್ ಅಂಟಿಸಿದರೆ ಮಾಸ್ಕ್ ಸೋರುತ್ತಿದೆಯೇ ಎಂದು ಮತ್ತೆ ಪರೀಕ್ಷಿಸಿ. ಆದರೆ ಗಂಟೆಗಟ್ಟಲೆ ಬಿಡುವಿಲ್ಲದ ಶಿಫ್ಟ್‌ಗೆ ಸೋಪಿನಲ್ಲಿ ಮದ್ದಿಲ್ಲ. ಪಾಳಿ ಚಿಕ್ಕದಾಗಬೇಕು. ಅದನ್ನು ಕೇಳುವುದೂ ಕೆಲಸದ ಭಾಗ.

ಡ್ಯೂಟಿ ಮುಗಿದು ಬಿಚ್ಚುವಾಗ ಎಲ್ಲರಿಗೂ ಅವಸರ. ಮೂಗು ಉರಿಯುತ್ತಿರುತ್ತದೆ, ಬಾಯಿ ಒಣಗಿರುತ್ತದೆ. ಅಲ್ಲೇ ನಿಧಾನಿಸಿ. ಗಾಗಲ್ಸ್‌ನ ಮುಂಭಾಗ ಮುಟ್ಟಬೇಡಿ. ಸ್ವಲ್ಪ ಬಾಗಿ, ಕಣ್ಣು ಮುಚ್ಚಿ, ಹಿಂದಿನ ಪಟ್ಟಿ ಹಿಡಿದು ಎತ್ತಿ. ಮಾಸ್ಕ್ ಕೊನೆಗೆ, ಕೈ ತೊಳೆದುಕೊಂಡ ಮೇಲೆ.